ಪದವೀಧರರ ಹಾಗೂ ಶಿಕ್ಷಕರ ಕ್ಷೇತ್ರಗಳು: ಮತದಾರರ ನೋಂದಣಿ ಮತ್ತು ಮತದಾನದ ಕ್ರಮ

ಭಾರತದ ಎಲ್ಲ ರಾಜ್ಯಗಳಿಗೂ ವಿಧಾನಸಭೆ ಇದೆ. ಆದರೆ ವಿಧಾನ ಪರಿಷತ್ತು ಇರುವುದು ಕರ್ನಾಟಕ, ಮಹಾರಾಷ್ಟ್ರ, ಆಂಧ್ರಪ್ರದೇಶ, ತೆಲಂಗಾಣ, ಉತ್ತರ ಪ್ರದೇಶ ಮತ್ತು ಬಿಹಾರ ರಾಜ್ಯಗಳಲ್ಲಿ ಮಾತ್ರ. ಸಂವಿಧಾನದ 171ನೇ ಅನುಚ್ಛೇದದನ್ವಯ ರಚಿತವಾಗಿರುವ ಕರ್ನಾಟಕ ವಿಧಾನ ಪರಿಷತ್ತಿನ 75 ಸ್ಥಾನಗಳ ಪೈಕಿ 25 ಸ್ಥಾನಗಳಿಗೆ ವಿಧಾನಸಭಾ ಸದಸ್ಯರೂ, 25 ಸ್ಥಾನಗಳಿಗೆ ಸ್ಥಳೀಯ ಸಂಸ್ಥೆಗಳ ಸದಸ್ಯರೂ ಮತ ನೀಡುತ್ತಾರೆ. 11 ಸದಸ್ಯರು ನಾಮನಿರ್ದೇಶಿತರು. ಪದವೀಧರರಿಗೆ 7 ಮತ್ತು ಶಿಕ್ಷಕರಿಗೆ 7 ಸ್ಥಾನಗಳು ಮೀಸಲಾಗಿದ್ದು, ಈ 14 ಸ್ಥಾನಗಳಿಗೆ ಮಾತ್ರ ಅರ್ಹ ನಾಗರಿಕರು ನೇರವಾಗಿ ಮತ ನೀಡಬಹುದಾಗಿದೆ.

ಈ ಕ್ಷೇತ್ರಗಳ ಮತದಾರರ ಪಟ್ಟಿಯು ವಿಧಾನಸಭಾ ಕ್ಷೇತ್ರದ ಪಟ್ಟಿಗಿಂತ ಸಂಪೂರ್ಣವಾಗಿ ಪ್ರತ್ಯೇಕವಾದುದು. ಮತದಾರರ ಗುರುತಿನ ಚೀಟಿ ಇದ್ದ ಮಾತ್ರಕ್ಕೆ ಇಲ್ಲಿ ಮತದಾನದ ಹಕ್ಕು ದೊರೆಯುವುದಿಲ್ಲ. ಅದಕ್ಕಿಂತಲೂ ಮುಖ್ಯವಾಗಿ, ಪ್ರತಿ ಚುನಾವಣೆಗೂ ಪಟ್ಟಿಯನ್ನು ಹೊಸದಾಗಿಯೇ ಸಿದ್ಧಪಡಿಸಲಾಗುತ್ತದೆ. 6 ವರ್ಷಗಳ ಹಿಂದೆ ಮತ ನೀಡಿದವರು ಸಹ ಪುನಃ ಅರ್ಜಿ ಸಲ್ಲಿಸತಕ್ಕದ್ದು. ಈ ಸಂಗತಿ ತಿಳಿಯದೆ ಮತಗಟ್ಟೆಯವರೆಗೆ ಬಂದು ಹಿಂದಿರುಗುವ ಪದವೀಧರರಿದ್ದಾರೆ. ಓದಿದವರಿಗೆಂದೇ ಇರುವ ಕ್ಷೇತ್ರದಲ್ಲಿ ಹೀಗಾಗುವುದು ವಿಷಾದಕರ.

ಪದವೀಧರರು ಅರ್ಹತಾ ದಿನಾಂಕವಾದ ನವೆಂಬರ್ 1ಕ್ಕೆ ಕನಿಷ್ಠ 3 ವರ್ಷ ಮುಂಚಿತವಾಗಿ ಭಾರತದ ಯಾವುದೇ ವಿಶ್ವವಿದ್ಯಾನಿಲಯದ ಪದವಿ ಪಡೆದಿರಬೇಕು. ಈ ಅವಧಿಯನ್ನು ಘಟಿಕೋತ್ಸವದ ದಿನದಿಂದಲ್ಲ, ಫಲಿತಾಂಶ ಪ್ರಕಟವಾದ ದಿನದಿಂದ ಎಣಿಸಲಾಗುತ್ತದೆ. ಉದಾಹರಣೆಗೆ, 2024ರ ಜೂನ್ 3ರಂದು ನಡೆದ ಮತದಾನಕ್ಕೆ 2023ರ ನವೆಂಬರ್ 1 ಅರ್ಹತಾ ದಿನಾಂಕವಾಗಿದ್ದಿತು. ಅರ್ಜಿಯನ್ನು ನಮೂನೆ 18ರಲ್ಲಿ ಸಲ್ಲಿಸಬೇಕು.

ಶಿಕ್ಷಕರಿಗೆ ನಮೂನೆ 19 ನಿಗದಿಯಾಗಿದೆ. ಅರ್ಹತಾ ದಿನಾಂಕದ ಹಿಂದಿನ 6 ವರ್ಷಗಳಲ್ಲಿ ಒಟ್ಟು 3 ವರ್ಷವಾದರೂ ಪ್ರೌಢಶಾಲೆ ಅಥವಾ ಅದಕ್ಕಿಂತ ಮೇಲ್ಮಟ್ಟದ ಸಂಸ್ಥೆಯಲ್ಲಿ ಬೋಧಿಸಿರಬೇಕಾಗಿದ್ದು, ಸಂಸ್ಥೆಯ ಮುಖ್ಯಸ್ಥರ ಪ್ರಮಾಣಪತ್ರ ಅಗತ್ಯ. ಪ್ರಾಥಮಿಕ ಶಾಲೆಗಳಲ್ಲಿ ಬೋಧಿಸುವವರು ಇದರ ವ್ಯಾಪ್ತಿಗೆ ಬರುವುದಿಲ್ಲ. ಪದವಿ ಪಡೆದಿದ್ದಲ್ಲಿ ಪದವೀಧರರ ಕ್ಷೇತ್ರದಲ್ಲಿ ನೋಂದಾಯಿಸಿಕೊಳ್ಳಬಹುದು. ಎರಡೂ ಅರ್ಹತೆಗಳುಳ್ಳವರು ಎರಡೂ ಪಟ್ಟಿಗಳಿಗೆ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸಲು ಅವಕಾಶವಿದೆ.

ಓದಿದ ಊರು ಅಥವಾ ಕೆಲಸ ಮಾಡುವ ಸ್ಥಳವನ್ನು ಪರಿಗಣಿಸಲಾಗುವುದಿಲ್ಲ. ಅರ್ಜಿದಾರರು ಸಾಮಾನ್ಯವಾಗಿ ವಾಸಿಸುವ ಸ್ಥಳ ಯಾವ ಕ್ಷೇತ್ರದಲ್ಲಿದೆಯೋ ಆ ಕ್ಷೇತ್ರದಲ್ಲಿಯೇ ಹೆಸರು ನೋಂದಣಿಯಾಗುತ್ತದೆ. ಅಂತಿಮ ಪಟ್ಟಿ ಪ್ರಕಟವಾದ ನಂತರವೂ ಹೆಸರು ಸೇರಿಸಬಹುದಾದರೂ, ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದ ಮೇಲೆ ಪಟ್ಟಿಯಲ್ಲಿ ಯಾವ ಬದಲಾವಣೆಗೂ ಕಾನೂನಿನಲ್ಲಿ ಅವಕಾಶವಿಲ್ಲ.

ಮತದಾನವು ಮತಪತ್ರದ ಮೂಲಕ ಪ್ರಾಶಸ್ತ್ಯ ಕ್ರಮದಲ್ಲಿ ನಡೆಯುತ್ತದೆ. ಮತಗಟ್ಟೆಯಲ್ಲಿ ನೀಡಲಾಗುವ ನೇರಳೆ ಬಣ್ಣದ ಸ್ಕೆಚ್ ಪೆನ್ನನ್ನು ಮಾತ್ರ ಬಳಸಿ, ಮೊದಲ ಆಯ್ಕೆಯ ಅಭ್ಯರ್ಥಿಯ ಹೆಸರಿನ ಮುಂದೆ 1 ಎಂದು ಬರೆಯಬೇಕು. ಇದು ಕಡ್ಡಾಯ. 2, 3 ಮುಂತಾದ ಪ್ರಾಶಸ್ತ್ಯಗಳು ಮತದಾರರ ಇಚ್ಛೆಗೆ ಬಿಟ್ಟದ್ದು. ಕನ್ನಡ ಅಂಕಿಗಳಲ್ಲಿಯೂ ಬರೆಯಬಹುದು. ಆದರೆ ‘ಒಂದು’ ಎಂದು ಅಕ್ಷರಗಳಲ್ಲಿ ಬರೆಯುವುದು, ಸರಿ ಗುರುತು ಹಾಕುವುದು, ಸಹಿ ಮಾಡುವುದು, ಇಬ್ಬರ ಮುಂದೆ 1 ಬರೆಯುವುದು ಸಲ್ಲದು. ಇಂತಹ ಮತಪತ್ರಗಳು ತಿರಸ್ಕೃತವಾಗುತ್ತವೆ.

ಎರಡನೇ ಪ್ರಾಶಸ್ತ್ಯ ನೀಡಿದರೆ ಮೊದಲ ಆಯ್ಕೆಯ ಅಭ್ಯರ್ಥಿಗೆ ನಷ್ಟವಾಗುತ್ತದೆಂಬ ಅಭಿಪ್ರಾಯ ಕೆಲವರಲ್ಲಿದೆ. ಇದು ಸರಿಯಲ್ಲ. ಒಂದು ಸ್ಥಾನದ ಚುನಾವಣೆಯಲ್ಲಿ 50,000 ಮತಗಳು ಸಿಂಧುವಾಗಿದ್ದರೆ, ಗೆಲುವಿಗೆ ಅದರ ಅರ್ಧಕ್ಕೆ ಒಂದನ್ನು ಸೇರಿಸಿದ 25,001 ಮತಗಳು ಬೇಕಾಗುತ್ತವೆ. ಮೊದಲ ಎಣಿಕೆಯಲ್ಲಿ ಯಾರಿಗೂ ಇಷ್ಟು ಮತ ದೊರೆಯದಿದ್ದಲ್ಲಿ, ಅತಿ ಕಡಿಮೆ ಮತ ಪಡೆದ ಅಭ್ಯರ್ಥಿಯನ್ನು ಕೈಬಿಟ್ಟು, ಅವರ ಮತಪತ್ರಗಳನ್ನು ಮುಂದಿನ ಪ್ರಾಶಸ್ತ್ಯದಂತೆ ಕಣದಲ್ಲಿ ಉಳಿದವರಿಗೆ ವರ್ಗಾಯಿಸಲಾಗುತ್ತದೆ. ಮತದಾರರ ಮೊದಲ ಆಯ್ಕೆಯ ಅಭ್ಯರ್ಥಿ ಕಣದಲ್ಲಿರುವವರೆಗೆ ಅವರ ಎರಡನೇ ಪ್ರಾಶಸ್ತ್ಯವನ್ನು ಪರಿಗಣಿಸುವುದೇ ಇಲ್ಲ. 1 ಮಾತ್ರ ಬರೆದಿರುವ ಮತಪತ್ರವು, ಆ ಅಭ್ಯರ್ಥಿ ಹೊರಬಿದ್ದ ಕೂಡಲೇ ಮುಂದಿನ ಎಣಿಕೆಯಿಂದ ಹೊರಗುಳಿಯುತ್ತದೆ.