ಚಿತ್ರದ ಸಲೋಮೆ, ಶುಭಸಂದೇಶದ ಬಾಲಕಿ

ಪ್ರತಿ ವರ್ಷ ಆಗಸ್ಟ್ 29ರಂದು ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾದಲ್ಲಿ ಧ್ವಜಾರೋಹಣವಾಗಿ, ಮಾತೆಯ ಜನನೋತ್ಸವದ ನವದಿನ ಪ್ರಾರ್ಥನೆ ಆರಂಭವಾಗುತ್ತದೆ. ದಂಡು ಪ್ರದೇಶದಿಂದಷ್ಟೇ ಅಲ್ಲ, ಹಲಸೂರು, ಇಂದಿರಾನಗರ, ಕೃಷ್ಣರಾಜಪುರಗಳಿಂದಲೂ ಭಕ್ತಾದಿಗಳು ಬಂದು ಸೇರುತ್ತಾರೆ. ಧರ್ಮಸಭೆಯ ಪಂಚಾಂಗದಲ್ಲಿ ಅದೇ ದಿನ ಸ್ನಾನಿಕ ಸಂತ ಯೊವಾನ್ನರ ಶಿರಚ್ಛೇದನದ ಸ್ಮರಣೆಯೂ ಇರುವುದು ಹಬ್ಬದ ಸಡಗರದಲ್ಲಿ ಅನೇಕರ ಗಮನಕ್ಕೆ ಬರುವುದಿಲ್ಲ.

ಆ ಹತ್ಯೆಯೆಂದೊಡನೆ ನೆನಪಾಗುವ ಹೆಸರು ಸಲೋಮೆ. ಪುರುಷರನ್ನು ವಿನಾಶಕ್ಕೆ ಸೆಳೆಯುವ ಮೋಹಿನಿಯಾಗಿ ಆಕೆಯನ್ನು ಚಿತ್ರಿಸಿದವರಲ್ಲಿ ಪ್ರಮುಖನು ಫ್ರಾನ್ಸಿನ ಸಂಕೇತ ಪಂಥದ ಕಲಾವಿದ ಗುಸ್ತಾವ್ ಮೊರೊ (1826-1898). 1876ರ ಪ್ಯಾರಿಸ್ ಕಲಾಪ್ರದರ್ಶನದಲ್ಲಿ ಆತನು ಈ ಪ್ರಸಂಗದ ಎರಡು ಚಿತ್ರಗಳನ್ನಿರಿಸಿದನು. ಒಂದರಲ್ಲಿ ಸಲೋಮೆಯು ತಾವರೆಯನ್ನು ಹಿಡಿದು ಹೆರೋದನ ಮುಂದೆ ನರ್ತಿಸುತ್ತಾಳೆ. 'ದರ್ಶನ' ಎಂಬ ಅರ್ಥದ ಹೆಸರುಳ್ಳ ಇನ್ನೊಂದು ಜಲವರ್ಣ ಚಿತ್ರದಲ್ಲಿ, ಸಂತರ ಶಿರಸ್ಸು ಪ್ರಭಾವಲಯದೊಡನೆ ರಕ್ತ ಸುರಿಸುತ್ತ ಗಾಳಿಯಲ್ಲಿ ನಿಂತಿದೆ. ಆಭರಣಭೂಷಿತೆಯಾದ ಸಲೋಮೆ ಅದರತ್ತ ತೋಳು ಚಾಚಿದ್ದಾಳೆ. ಆಜ್ಞೆಯಿತ್ತ ಹೆರೋದನೋ ಒಂದು ಪಕ್ಕದಲ್ಲಿ ಕುಳಿತಿದ್ದಾನೆ; ನೋಡುವವರ ಕಣ್ಣು ಅವನತ್ತ ಹೊರಳುವುದು ಅಪರೂಪ.

ಚಿತ್ರದ ಸೊಬಗು ನಿರ್ವಿವಾದ. ಆದರೆ ಮಾರ್ಕನ ಶುಭಸಂದೇಶದ 6ನೇ ಅಧ್ಯಾಯವನ್ನು ಓದಿದರೆ ಬೇರೆಯೇ ಕಥೆ ತೆರೆದುಕೊಳ್ಳುತ್ತದೆ. ಅಲ್ಲಿ ಆ ಹುಡುಗಿಗೆ ಹೆಸರೇ ಇಲ್ಲ. ಹೆರೋದಿಯಳ ಮಗಳ ಹೆಸರು ಸಲೋಮೆ ಎಂದು ತಿಳಿಸುವವನು ಯೆಹೂದ್ಯ ಇತಿಹಾಸಕಾರ ಜೋಸೆಫಸ್. ಅವನಾದರೋ ನರ್ತನದ ಮಾತನ್ನೇ ಎತ್ತುವುದಿಲ್ಲ. ಮಾರ್ಕನು ಆಕೆಗೆ ಬಳಸಿದ ಗ್ರೀಕ್ ಪದ 'ಕೊರಾಸಿಯೊನ್', ಅಂದರೆ ಚಿಕ್ಕ ಹುಡುಗಿ. ಹಿಂದಿನ ಅಧ್ಯಾಯದಲ್ಲಿ ಯೇಸುಸ್ವಾಮಿ ಎಬ್ಬಿಸಿದ ಯಾಯೀರನ 12 ವರ್ಷದ ಮಗಳಿಗೂ ಅದೇ ಪದ.

ಏನು ಕೇಳಬೇಕೆಂದು ತಿಳಿಯದೆ ಆ ಬಾಲಕಿ ತಾಯಿಯ ಬಳಿಗೆ ಓಡುತ್ತಾಳೆ. ಸಂತರ ಶಿರಸ್ಸನ್ನು ಬೇಡುವಂತೆ ಹೇಳಿಕೊಟ್ಟವಳು ತಾಯಿ. ಅತಿಥಿಗಳೆದುರು ಆಡಿದ ಆಣೆಗೆ ಕಟ್ಟುಬಿದ್ದು, ನಿರಪರಾಧಿಯೆಂದು ಬಲ್ಲವನನ್ನು ಕೊಲ್ಲಿಸಿದವನು ಹೆರೋದ. ಹೀಗಿದ್ದೂ ಶತಮಾನಗಳ ಅಪವಾದವನ್ನೆಲ್ಲ ಹೊತ್ತವಳು ಆ ಹುಡುಗಿಯೇ.

ಇಂದಿಗೂ ಅನ್ಯಾಯವೊಂದು ನಡೆದಾಗ ಹೆಣ್ಣುಮಗಳ ಉಡುಗೆ ತೊಡುಗೆಗಳನ್ನು ವಿಚಾರಿಸುವವರು ಹಲವರು. ಅಧಿಕಾರವುಳ್ಳವನನ್ನು ಪ್ರಶ್ನಿಸುವವರು ಕೆಲವರು. ಹಿರಿಯರ ಹಗೆಗೆ ಎಳೆಯರನ್ನು ದಾಳವಾಗಿಸುವ ಮನೆಗಳಿಗೂ ಕೊರತೆಯಿಲ್ಲ. ಮುಂದಿನ ಆಗಸ್ಟ್ 29ರ ಸಂಜೆ, ಬೆಸಿಲಿಕಾದಿಂದ ಹಿಂದಿರುಗಿದ ಮೇಲೆ, ಮಕ್ಕಳೊಡನೆ ಕುಳಿತು ಈ ಭಾಗವನ್ನು ಓದೋಣ. ಸಂತರನ್ನು ಕೊಂದವರು ಯಾರೆಂದು ಅವರನ್ನೇ ಕೇಳೋಣ.