ಶ್ರದ್ಧೆಯೂ ದಿನದ ದುಡಿಮೆಯೂ

ಕ್ರೈಸ್ತಶ್ರದ್ಧೆಯೆಂದೊಡನೆ ನಾವು ಇಗರ್ಜಿಯ ಗಂಟೆಯನ್ನೂ ಭಾನುವಾರದ ಪ್ರಾರ್ಥನೆಯನ್ನೂ ನೆನೆಯುತ್ತೇವೆ. ಆದರೆ ಆ ಮತದಲ್ಲಿ ಶ್ರದ್ಧೆಗೂ ದುಡಿಮೆಗೂ ಆದಿಯಿಂದಲೇ ನಂಟುಂಟು. ಧರ್ಮಪ್ರಚಾರಕನಾದ ಪೌಲನು ಗುಡಾರಗಳನ್ನು ಮಾಡುವ ಕಸುಬಿನವನು. ಕ್ರಿಯೆಯಿಲ್ಲದ ನಂಬಿಕೆ ನಿರ್ಜೀವವೆಂಬುದು ಯಾಕೋಬನ ಪತ್ರಿಕೆಯ ಅಭಿಪ್ರಾಯ.

ಈ ತತ್ತ್ವದ ಪರೀಕ್ಷೆಯೊಂದು ನಮ್ಮ ಕರಾವಳಿಯಲ್ಲಿಯೇ ನಡೆಯಿತು. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. ಅವರ ಮತವನ್ನು ಸೇರಿದವರಲ್ಲಿ ಹಲವರು ಜಾತಿಯೊಡನೆ ಜೀವನೋಪಾಯವನ್ನೂ ಕಳೆದುಕೊಂಡರು. ಹಸಿದವನಿಗೆ ಪರಲೋಕದ ಭರವಸೆಯೊಂದೇ ಸಾಲುವುದೆ? ದಿನವೂ ದಾನವನ್ನು ಪಡೆದವನ ಸ್ವಾಭಿಮಾನ ಉಳಿಯುವುದೆ? ಈ ಪ್ರಶ್ನೆಗಳಿಗೆ ಉತ್ತರವಾಗಿ ನೇಯ್ಗೆಯ ಮಗ್ಗಗಳೂ, 1865ರಲ್ಲಿ ಜಾರ್ಜ್ ಪ್ಲೆಬ್ಸ್ಟರ ಹಂಚಿನ ಕಾರ್ಖಾನೆಯೂ ಹುಟ್ಟಿದವು. ಜೇಡಿಮಣ್ಣನ್ನು ಹದಗೊಳಿಸಿ, ಅಚ್ಚೊತ್ತಿ, ಒಣಗಿಸಿ, ಭಟ್ಟಿಯಲ್ಲಿ ಸುಡುವ ಕೆಲಸದಿಂದ ಅನೇಕ ಸಂಸಾರಗಳಿಗೆ ಅನ್ನ ದೊರೆಯಿತು. ಮಂಗಳೂರು ಹಂಚು ದೂರದೂರದ ಮಾಡುಗಳನ್ನು ಹೊದಿಸಿತು.

ಈ ಏರ್ಪಾಟಿನಲ್ಲಿ ತೊಡಕಿಲ್ಲದಿರಲಿಲ್ಲ. ಕೂಲಿಯನ್ನು ಕೊಡುವವನೂ ಧರ್ಮವನ್ನು ಬೋಧಿಸುವವನೂ ಒಬ್ಬನೇ ಆದಲ್ಲಿ, ಕೆಲಸಗಾರನ ನಂಬಿಕೆ ಎಷ್ಟರಮಟ್ಟಿಗೆ ಸ್ವತಂತ್ರವೆಂಬ ಶಂಕೆ ಏಳದಿರದು. ಅದನ್ನು ಮರೆಯದೆಯೂ ನಾವು ಒಂದು ಮಾತನ್ನು ಒಪ್ಪಬೇಕು: ನೆರೆಯವನ ನಾಳೆಗೆ ಆಧಾರವಾಗದ ಭರವಸೆ ಬರಿಯ ಮಾತಾಗಿಯೇ ಉಳಿಯುತ್ತದೆ.

ಪ್ರಾರ್ಥನೆ ಮುಗಿಸಿ ಬಂದವನು ತಕ್ಕಡಿಯನ್ನು ಹಿಡಿದಾಗ, ಆಳಿಗೆ ಕೂಲಿಯನ್ನು ಎಣಿಸುವಾಗ, ರೋಗಿಯ ಬಳಿ ಕುಳಿತಾಗ ಅವನ ಶ್ರದ್ಧೆ ಎಲ್ಲಿದೆಯೆಂದು ಲೋಕವು ಕೇಳುತ್ತದೆ. ಆ ಪ್ರಶ್ನೆಗೆ ಕ್ರೈಸ್ತರಂತೆಯೇ ನಾವೆಲ್ಲರೂ ಉತ್ತರ ಕೊಡಬೇಕಾದವರು.