ಎಲ್ಲರೂ ನನ್ನ ಮುಷ್ಟಿಯಲ್ಲೇ ಇರಬೇಕೆ?

ಕಲಬುರಗಿಯ ರೋಜಾ ಬಡಾವಣೆಯಿಂದ ಒಂದು ಕುಟುಂಬ ಎಸ್.ಎಂ. ಪಂಡಿತ ರಂಗಮಂದಿರಕ್ಕೆ ಗಿರೀಶ ಕಾರ್ನಾಡರ ‘ಯಯಾತಿ’ ನಾಟಕ ನೋಡಲು ಹೋಗಿದೆ ಎಂದುಕೊಳ್ಳಿ. ಮನೆಗೆ ಮರಳಿ ಊಟಕ್ಕೆ ಕುಳಿತಾಗ ಬರುವ ಮೊದಲ ಮಾತು: ‘ಆ ಶರ್ಮಿಷ್ಠೆ ಎಂಥಾ ನಾಲಗೆಯವಳು!’ ಮಾತು ಅಲ್ಲಿಗೇ ನಿಂತರೆ ನಾಟಕ ನೋಡಿದ್ದು ಅರ್ಧ ಮಾತ್ರ. ಅವಳು ಹಾಗೇಕಾದಳು ಎಂಬ ಪ್ರಶ್ನೆಯಲ್ಲಿ ನಮ್ಮ ನಿಮ್ಮ ಮನೆಗಳ ಮಾನಸಿಕ ಆರೋಗ್ಯದ ವಿಚಾರವೂ ಅಡಗಿದೆ.

1961ರಲ್ಲಿ ಪ್ರಕಟವಾದ ಈ ನಾಟಕದ ಶರ್ಮಿಷ್ಠೆ ಅಸುರರಾಜನ ಮಗಳು. ಗೆಳತಿ ದೇವಯಾನಿಯನ್ನು ಬಾವಿಗೆ ನೂಕಿದ ತಪ್ಪಿಗೆ ಅವಳದೇ ದಾಸಿಯಾಗಿ ಬಾಳಬೇಕಾಗುತ್ತದೆ. ಅರಮನೆಯಲ್ಲಿದ್ದರೂ ಅವಳ ನಾಳೆ ಅವಳ ಕೈಯಲ್ಲಿಲ್ಲ. ಉಳಿದದ್ದು ನಾಲಗೆಯೊಂದೇ. ಎದುರಿನವರಿಗೆ ಎಲ್ಲಿ ನೋಯುತ್ತದೆಂದು ಹುಡುಕಿ ಅಲ್ಲೇ ಚುಚ್ಚುತ್ತಾಳೆ. ಗಂಡನ ಬಗ್ಗೆ ಹೆಂಡತಿಯ ಮನಸ್ಸಿನಲ್ಲಿ ಅನುಮಾನ ಬಿತ್ತುತ್ತಾಳೆ. ದಾಸಿಯೇ ಒಡತಿಯನ್ನು ಕುಣಿಸುತ್ತಾಳೆ.

ನಾರ್ವೆ ದೇಶದ ನಾಟಕಕಾರ ಇಬ್ಸನ್ 1890ರಲ್ಲಿ ಪ್ರಕಟಿಸಿದ ‘ಹೆಡ್ಡಾ ಗ್ಯಾಬ್ಲರ್’ ನಾಟಕದ ನಾಯಕಿಯೂ ಇಂಥವಳೇ. ಸೇನಾಧಿಕಾರಿಯ ಮಗಳಾದ ಹೆಡ್ಡಾಳಿಗೆ ಪ್ರೀತಿಯಿಲ್ಲದ ಮದುವೆ. ದಿನವಿಡೀ ಮಾಡಲು ಕೆಲಸವಿಲ್ಲ. ಒಬ್ಬ ಮನುಷ್ಯನ ಹಣೆಬರಹವಾದರೂ ತನ್ನ ಕೈಯಲ್ಲಿರಬೇಕೆಂಬುದು ಅವಳ ಹಂಬಲ. ಗಂಡನ ಸೋದರತ್ತೆಯ ಟೋಪಿಯನ್ನು ಬೇಕೆಂದೇ ಹಳಿಯುವ ಅವಳು ಮುಂದೆ ಹಳೆಯ ಗೆಳೆಯ ಬರೆದ ಪುಸ್ತಕದ ಹಸ್ತಪ್ರತಿಯನ್ನೇ ಒಲೆಗೆ ಹಾಕುತ್ತಾಳೆ. ಕೊನೆಗೆ ತಾನೇ ಇನ್ನೊಬ್ಬನ ಮುಷ್ಟಿಗೆ ಸಿಕ್ಕಾಗ ಅದನ್ನು ತಾಳಲಾರದೆ ಪ್ರಾಣ ಕಳೆದುಕೊಳ್ಳುತ್ತಾಳೆ.

ಕಾರಣವೇನು?

ತನ್ನ ಬದುಕಿನ ಮೇಲೆ ತನಗೆ ಒಂದಿಷ್ಟು ಹಿಡಿತವಿರಬೇಕೆಂಬುದು ಪ್ರತಿಯೊಬ್ಬರ ಮನಸ್ಸಿನ ಅಗತ್ಯ. ಅದು ಕೈತಪ್ಪಿದಾಗ ಆತಂಕ, ಸಿಟ್ಟು, ಖಿನ್ನತೆ ಕಾಣಿಸಿಕೊಳ್ಳಬಹುದು. ಕೆಲವರು ಆ ಕೊರತೆಯನ್ನು ಇತರರ ಬದುಕನ್ನು ಹಿಡಿಯುವ ಮೂಲಕ ತುಂಬಿಕೊಳ್ಳಲು ಹವಣಿಸುತ್ತಾರೆ. ಬಾಲ್ಯದ ಅಭದ್ರತೆ, ಕೈಬಿಟ್ಟಾರೆಂಬ ಭಯ, ಒಪ್ಪದ ಮದುವೆ, ಪ್ರತಿ ರೂಪಾಯಿಗೂ ಕೈಚಾಚಬೇಕಾದ ಸ್ಥಿತಿ ಇದಕ್ಕೆ ಕಾರಣವಾಗಬಹುದು. ಇದು ಹೆಂಗಸರ ಗುಣವೆಂದು ಭಾವಿಸಬೇಡಿ. ಹೆಂಡತಿಯ ಫೋನು ತಪಾಸಣೆ ಮಾಡುವ, ತವರಿಗೆ ಹೋಗಲು ಬಿಡದ ಗಂಡನೂ ಇದೇ ಸಾಲಿನವನು.

ಹೀಗೆ ಗುರುತಿಸಿ

* ಕೇಳಿದ್ದು ಸಿಗದಿದ್ದರೆ ದಿನಗಟ್ಟಲೆ ಮಾತು ಬಿಡುವುದು.
* ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಿರುಚಿ ಹೇಳಿ ಜಗಳ ಹಚ್ಚುವುದು.
* ಎಲ್ಲರ ಮುಂದೆ ಹೀಯಾಳಿಸಿ, ‘ತಮಾಷೆಗೆ ಅಂದೆ’ ಎನ್ನುವುದು.
* ಹಣ, ಓಡಾಟ, ಗೆಳೆತನಗಳಿಗೆ ಕಾವಲು ಹಾಕುವುದು.

ಒಮ್ಮೊಮ್ಮೆ ಹೀಗೆ ನಡೆದುಕೊಂಡವರೆಲ್ಲ ರೋಗಿಗಳಲ್ಲ. ಇದೇ ನಿತ್ಯದ ನಡೆಯಾಗಿ, ಮನೆಯವರು ಹೆದರಿ ಬಾಳುವಂತಾದರೆ ಸಲಹೆ ಪಡೆಯಲೇಬೇಕು. ವ್ಯಕ್ತಿತ್ವದ ದೋಷವೋ ಖಿನ್ನತೆಯೋ ಎಂದು ಹೇಳಬೇಕಾದವರು ಮನೋವೈದ್ಯರು, ನೆರೆಹೊರೆಯವರಲ್ಲ.

ಪರಿಹಾರವೇನು?

ಅಮೆರಿಕದ ಮನೋವಿಜ್ಞಾನಿಗಳಾದ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ 1976ರಲ್ಲಿ ಒಂದು ವೃದ್ಧಾಶ್ರಮದ ಅಧ್ಯಯನ ಪ್ರಕಟಿಸಿದರು. ಒಂದು ಗುಂಪಿನ ವೃದ್ಧರಿಗೆ ತಮ್ಮ ದಿನಚರಿಯನ್ನು ತಾವೇ ನಿರ್ಧರಿಸಲು ಹೇಳಿ, ನೋಡಿಕೊಳ್ಳಲು ಒಂದೊಂದು ಗಿಡ ಕೊಟ್ಟರು. ಇನ್ನೊಂದು ಗುಂಪಿಗೂ ಗಿಡ ಕೊಟ್ಟರು. ಆದರೆ ನೀರು ಹಾಕುವುದು ಸಿಬ್ಬಂದಿಯ ಕೆಲಸವಾಗಿತ್ತು. ಮೊದಲ ಗುಂಪಿನವರು ಹೆಚ್ಚು ಚಟುವಟಿಕೆಯಿಂದ, ಗೆಲುವಾಗಿ ಇದ್ದದ್ದು ಕಂಡುಬಂತು.

ಇದರಲ್ಲಿ ನಮಗೂ ಪಾಠವಿದೆ. ಸೊಸೆಗೆ ಅವಳದೇ ದುಡಿಮೆ, ಅವಳದೇ ಉಳಿತಾಯ ಖಾತೆ ಇರಲಿ. ವಯಸ್ಸಾದ ಅತ್ತೆಯ ಕೈಯಿಂದ ಅಡುಗೆಮನೆಯನ್ನು ಒಂದೇ ದಿನದಲ್ಲಿ ಕಸಿದುಕೊಳ್ಳಬೇಡಿ. ಮಗಳ ಓದು, ಮದುವೆ ನಿರ್ಧರಿಸುವಾಗ ಅವಳ ಮಾತು ಕೇಳಿ. ತನ್ನ ಬದುಕಿನ ಲಗಾಮು ಕೈಯಲ್ಲಿದ್ದವರಿಗೆ ಇತರರ ಲಗಾಮಿನ ಆಸೆ ಕಡಿಮೆಯಾಗುವ ಸಾಧ್ಯತೆ ಹೆಚ್ಚು.

ಹಾಗೆಂದು ಹಿಂಸೆ ಸಹಿಸಿಕೊಳ್ಳಬೇಕಾಗಿಲ್ಲ. ‘ಈ ಮಾತು ನನಗೆ ಒಪ್ಪಿಗೆಯಿಲ್ಲ’ ಎಂದು ಕೂಗಾಡದೆ, ಅಳುಕದೆ ಹೇಳಿ. ತಿರುಚಿದ ಮಾತು ಕಿವಿಗೆ ಬಿದ್ದರೆ ಆಡಿದವರನ್ನೇ ನೇರವಾಗಿ ಕೇಳಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಮಾತಿನ ಹಿಂಸೆ, ಮಾನಸಿಕ ಹಿಂಸೆ, ಹಣಕಾಸಿನ ಹಿಂಸೆಗಳನ್ನೂ ಹಿಂಸೆಯೆಂದೇ ಪರಿಗಣಿಸುತ್ತದೆ. ಮಹಿಳೆಯರು 181ಕ್ಕೆ ಕರೆ ಮಾಡಬಹುದು.

ಇನ್ನೊಂದು ಎಚ್ಚರಿಕೆ. ‘ಸಾಯುತ್ತೇನೆ’ ಎಂಬ ಮಾತನ್ನು ‘ಬರೀ ನಾಟಕ’ ಎಂದು ತಳ್ಳಿಹಾಕಬೇಡಿ. ಬೆದರಿಸಲು ಆಡಿದ ಮಾತೆಂದು ತೋರಿದರೂ ಅದರ ಹಿಂದೆ ನಿಜವಾದ ನೋವು ಇರಬಹುದು. ಜೊತೆಗೆ ಕುಳಿತು ಕೇಳಿ. ಒಬ್ಬರೇ ಇರಲು ಬಿಡಬೇಡಿ. 2022ರಲ್ಲಿ ಆರಂಭವಾದ ಟೆಲಿ ಮನಸ್ ಉಚಿತ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನೂ ಕಾಣಬಹುದು.

‘ಯಯಾತಿ’ಯಲ್ಲಿ ಸಾಯಲು ವಿಷ ಹಿಡಿದವಳು ಶರ್ಮಿಷ್ಠೆ, ಕೊನೆಗೆ ಸತ್ತವಳು ಆ ಮನೆಗೆ ಆಗಷ್ಟೇ ಕಾಲಿಟ್ಟ ಸೊಸೆ ಚಿತ್ರಲೇಖೆ. ಹಿರಿಯರ ಹಗ್ಗಜಗ್ಗಾಟಕ್ಕೆ ಬೆಲೆ ತೆರುವವರು ಬಹಳ ಸಲ ಮನೆಯ ಕಿರಿಯರೇ. ನಿಮ್ಮ ಮನೆಯಲ್ಲಿ ಹಾಗಾಗದಿರಲಿ.